ಕಿವಿ ಇದ್ದ ಐನೂರರ ನೋಟು

ಹೊಸದುರ್ಗದ ಗೊಬ್ಬರದಂಗಡಿಯಲ್ಲಿ ಅಪ್ಪ ಕೊಟ್ಟ ಐನೂರರ ನೋಟನ್ನು ಅಂಗಡಿಯವನು ಬಿಡಿಸಿ ಹಿಡಿದಾಗ ಅದಕ್ಕೊಂದು ಕಿವಿ ಇತ್ತು. ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಒಳಕ್ಕೆ ಮಡಚಿಕೊಂಡಿದ್ದ ಮೂಲೆ ಬಿಚ್ಚಿಕೊಂಡು, ಅಂಚಿನಿಂದಾಚೆಗೆ ಕುರಿಮರಿಯ ಕಿವಿಯಂತೆ ಚಾಚಿತ್ತು. ಆ ಜಾಗದಲ್ಲಿ ಅಚ್ಚಿನ ಗುರುತೇ ಇಲ್ಲ, ಬರೀ ಬಿಳಿ.

"ಯಜಮಾನ್ರೇ, ಖೋಟಾ ನೋಟಿದು. ಯಾರ್ ಕೊಟ್ರು ನಿಮಗೆ?" ಅಂದ ಅಂಗಡಿಯವನು, ಅಷ್ಟೂ ಗಿರಾಕಿಗಳಿಗೆ ಕೇಳಿಸುವ ಹಾಗೆ.

ಅಪ್ಪ ನೋಟನ್ನು ಕಿತ್ತುಕೊಂಡು ಎಲೆ ಅಡಿಕೆ ಚೀಲಕ್ಕೆ ತುರುಕಿ, ಗೊಬ್ಬರವನ್ನೂ ಕೊಳ್ಳದೆ ಹೊರಗೆ ಬಂದು ನನ್ನ ಸ್ಕೂಟರ್ ಹತ್ತಿ ಕುಳಿತ.

ಯಾರು ಕೊಟ್ಟರೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಚೀಲದಲ್ಲಿದ್ದದ್ದು ಹಿಂದಿನ ಸಂತೆಯ ಕುರಿ ದುಡ್ಡು ಮಾತ್ರ. ಬಾಗೂರಿನಲ್ಲಿ ಅಪ್ಪನ ಸ್ನೇಹಿತರೊಬ್ಬರಿದ್ದಾರೆ. ನಾನು ಹುಟ್ಟುವ ಮೊದಲಿನಿಂದ ನಮ್ಮ ಕುರಿ ಕೊಂಡು ಹಿರಿಯೂರಿನ ಕಡೆ ಮಾರುವವರು. ಸಂಬಂಧಿಕರಲ್ಲ, ಆದರೂ ನನಗೆ ಮಾವ. ಅವರಿಬ್ಬರ ವ್ಯಾಪಾರ ನೋಡಲು ಚೆಂದ. ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಒತ್ತಿ ಬೆಲೆ ಕುದುರಿಸುತ್ತಾರೆ. ಬೆಲೆಗೆ ಮಾತ್ರ ಬೇಕಾದಷ್ಟು ಜಗ್ಗಾಟ. ದುಡ್ಡು ಕೈಗೆ ಬಂದ ಮೇಲೆ ಅಪ್ಪ ಎಣಿಸುವುದಿಲ್ಲ. ಮಾವ ಮಡಚಿ ಕೊಟ್ಟದ್ದು ಹಾಗೇ ಚೀಲಕ್ಕೆ ಹೋಗುತ್ತದೆ. ಕೊಟ್ಟವರ ಎದುರಿಗೆ ಎಣಿಸಿದರೆ ಅವರನ್ನು ಕಳ್ಳ ಅಂದ ಹಾಗೆ ಎಂಬುದು ಅಪ್ಪನ ಲೆಕ್ಕ. ಆ ಲೆಕ್ಕದಿಂದಲೇ ಈ ಕಿವಿ ಅಂಗಡಿಯವರೆಗೂ ಯಾರ ಕಣ್ಣಿಗೂ ಬೀಳದೆ ಬಂದಿತ್ತು.

ನಾನು ಹೊಳಲ್ಕೆರೆಯಲ್ಲಿ ನರ್ಸ್. ಮುಂದಿನ ವಾರದ ರಜೆಗೆ ಬಂದಾಗಲೂ ಅಪ್ಪ ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿದ್ದ. ಸಂತೆಗೆ ಹೋಗಿರಲಿಲ್ಲ. ಊಟವೂ ಅಷ್ಟಕ್ಕಷ್ಟೆ. ನನಗೆ ತಾಳ್ಮೆ ಕಡಿಮೆ.

"ಮಾವನ್ನೇ ಕೇಳಿಬಿಡಪ್ಪ, ಅದಕ್ಯಾಕೆ ಹಿಂಗೆ ಬಿದ್ಕಂಡಿದೀಯ?" ಎಂದು ರೇಗಿದೆ.

"ಏನಂತ ಕೇಳ್ಲವ್ವ? ಕೇಳಿದ ಮ್ಯಾಲೆ ಅವ್ನು ನಿಜ ಹೇಳಿದ್ರೂ ಅಷ್ಟೇ, ಸುಳ್ಳು ಹೇಳಿದ್ರೂ ಅಷ್ಟೇ. ನಾನು ಕೇಳ್ದೆ ಅಂಬೋದು ಉಳ್ಕಂತೈತೆ."

"ಹಂಗಾರೆ ಬ್ಯಾಂಕಿಗೆ ಹೋಗಾಣ."

"ಅಲ್ಲಿ ಕೊಟ್ಟೋರ ಹೆಸ್ರು ಕೇಳಿದ್ರೆ?"

ಆಗ ನನಗೆ ಅರ್ಥವಾಯಿತು. ಅಪ್ಪನಿಗೆ ಹೋದ ಐನೂರರ ಚಿಂತೆ ಇರಲಿಲ್ಲ. ಅವನ ಬಾಯಿಂದ ಆ ಹೆಸರು ಹೊರಗೆ ಬೀಳಬಾರದು, ಅಷ್ಟೇ. ಹೆಸರು ಕೇಳಿದರೆ ನಾನೇ ಏನಾದರೂ ಹೇಳುತ್ತೇನೆಂದು ಮಾತು ಕೊಟ್ಟು ಹೊರಡಿಸಿದೆ. ಏನು ಹೇಳುತ್ತಿದ್ದೆನೋ ನನಗೂ ಗೊತ್ತಿರಲಿಲ್ಲ.

ಬ್ಯಾಂಕಿನಲ್ಲಿ ಕೌಂಟರಿನ ಹೆಣ್ಣುಮಗಳು ನೋಟನ್ನು ಬೆಳಕಿಗೆ ಹಿಡಿದಳು, ಬೆರಳಲ್ಲಿ ಸವರಿದಳು, ಒಳಗೆ ಒಯ್ದು ದೊಡ್ಡ ಸಾಹೇಬರಿಗೆ ತೋರಿಸಿ ಬಂದಳು. ಅಷ್ಟು ಹೊತ್ತು ಅಪ್ಪ ನನ್ನ ಮುಂಗೈ ಬಿಡಲಿಲ್ಲ.

"ಅಸಲಿ ನೋಟೇರಿ ಇದು. ಅಚ್ಚು ಹಾಕೋ ಮುಂಚೆ ಕಾಗದ ಮಡಚಿಕಂಡೈತೆ, ಹಂಗೇ ಕತ್ತರಿಸಿಬಿಟ್ಟವ್ರೆ. ಬೇಕಂದ್ರೆ ಬದ್ಲಿ ನೋಟು ಕೊಡ್ತೀವಿ. ಆದ್ರೆ ಇಂಥವನ್ನ ಹುಡುಕ್ಕಂಡು ಕೊಳ್ಳೋರು ಅವ್ರೆ, ಮೊದ್ಲು ವಿಚಾರ್ಸಿ ನೋಡ್ರಿ."

"ಹಂಗಾರೆ ಅವ್ನು ಕಳ್ಳ ಅಲ್ಲ?" ಅಂದ ಅಪ್ಪ.

"ಯಾರು?" ಎಂದು ಆಕೆ ಕೇಳಿದಳು. ನಾವು ಆಗಲೇ ಬಾಗಿಲ ಹತ್ತಿರವಿದ್ದೆವು. ಹೊರಗೆ ಬಂದು ಅಪ್ಪ ಎರಡು ಟೀ ಕುಡಿದ. ನನಗೂ ಹೋದ ಜೀವ ಬಂದಂತಾಗಿತ್ತು.

ಚಿತ್ರದುರ್ಗದಲ್ಲಿ ಹಳೆಯ ನೋಟು, ನಾಣ್ಯ ಸಂಗ್ರಹಿಸುವವರೊಬ್ಬರ ಮನೆಗೆ ನಾನೇ ಹಟ ಮಾಡಿ ಕರೆದೊಯ್ದೆ. ಅವರು ಚಿಮಟದಲ್ಲಿ ನೋಟು ಹಿಡಿದು, ಭೂತಗನ್ನಡಿ ಹಚ್ಚಿ, ಕಿವಿಯ ಉದ್ದ ಅಳೆದರು. ಕುರಿಯ ಹಲ್ಲು ನೋಡುವಾಗ ಅಪ್ಪನ ಮುಖವೂ ಹೀಗೇ ಇರುತ್ತದೆ.

"ಮಡಿಕೆ ಬಿದ್ದೈತೆ, ಸುಣ್ಣ ಬೇರೆ ಹತ್ತೈತೆ. ಗರಿಗರಿಯಾಗಿದ್ದಿದ್ರೆ ಇದರ ಬೆಲೆನೇ ಬೇರೆ ಇತ್ತು" ಎಂದು ಅಪ್ಪನ ಎಲೆ ಅಡಿಕೆ ಚೀಲವನ್ನು ಬೇಸರದಿಂದ ನೋಡಿದರು. ಆದರೂ ಅವರು ಹೇಳಿದ ಬೆಲೆಗೆ ಒಂದು ಒಳ್ಳೆಯ ಟಗರು ಬರುತ್ತಿತ್ತು. ನಾನು ಹೂಂ ಅನ್ನು ಎಂದು ಅಪ್ಪನ ತೋಳು ತಿವಿದೆ.

"ಈಗ್ಲೇ ಕೊಡಕ್ಕಾಗಲ್ಲ ಸ್ವಾಮಿ. ಇದು ಗಬ್ಬದ ಕುರಿ" ಅಂದ ಅಪ್ಪ.

ಪಾಪ, ಅವರು ಕಣ್ಣು ಕಣ್ಣು ಬಿಟ್ಟರು. ನಾನೇ ಬಿಡಿಸಿ ಹೇಳಬೇಕಾಯಿತು. ಗಬ್ಬವಾಗಿದೆ ಎಂದು ಗೊತ್ತಿಲ್ಲದೆ ಮಾರಿದ ಕುರಿ, ಕೊಂಡವರ ಹಟ್ಟಿಯಲ್ಲಿ ಮರಿ ಹಾಕಿದರೆ, ಮಾರಿದವನಿಗೆ ಹೇಳಿ ಕಳಿಸಿ ಪಾಲು ಕೊಡುವುದು ಅಪ್ಪ ಮತ್ತು ಮಾವನ ನಡುವಿನ ಕಟ್ಟಳೆ. ಈ ನೋಟೂ ಹಾಗೆಯೇ ತನ್ನ ಹಟ್ಟಿಗೆ ಬಂದು ಮರಿ ಹಾಕಿದೆ, ಮಾವನಿಗೆ ಹೇಳದೆ ಮಾರುವಂತಿಲ್ಲ ಎಂಬುದು ಅಪ್ಪನ ವಾದ.

ನೇರ ಬಾಗೂರಿಗೆ ಹೋದೆವು. ಮಾವ ಜಗಲಿಯಿಂದಲೇ ಕೂಗಿದರು. "ಏನಪ್ಪ, ಹುಷಾರಿರ್ಲಿಲ್ವಾ? ಸಂತೇಲಿ ಕಾಣ್ಲೇ ಇಲ್ಲ. ನಾಳೆ ನಾನೇ ಬರಾಣ ಅಂತಿದ್ದೆ. ಬರ್ರಿ, ಕುಂತ್ಕಳ್ರಿ."

ಅಪ್ಪ ನೋಟು ಮುಂದಿಟ್ಟು ಎಲ್ಲವನ್ನೂ ಹೇಳಿದ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು. "ಇಷ್ಟು ದಿನ ನನ್ನ ಏನಂತ ಅಂದ್ಕಂಡಿದ್ದೆ?"

ನಾನು ಅಂಗಳದ ಕೋಳಿಗಳನ್ನು ನೋಡುತ್ತ ಕುಳಿತೆ.

"ಕಳ್ಳ ಅಂತ" ಅಂದ ಅಪ್ಪ.

ಮಾವ ನನ್ನ ಕಡೆ ತಿರುಗಿ, "ನನ್ನ ಹೆಸ್ರು ಯಾರತ್ರನಾದ್ರೂ ಹೇಳಿದ್ನೇನವ್ವ?" ಅಂದರು.

"ಇಲ್ಲ ಮಾವ. ಬ್ಯಾಂಕಿಗೆ ಹೋಗಕ್ಕೂ ಅದಕ್ಕೇ ಹೆದರ್ಕಂಡಿದ್ದ."

ಮಾವ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಅದೇ ಟವೆಲನ್ನು ಅಪ್ಪನ ಕೈ ಮೇಲೆ ಹಾಸಿ ಒಳಗೆ ತಮ್ಮ ಕೈ ತೂರಿಸಿದರು. ಪಾಲಿನ ಜಗ್ಗಾಟ ಶುರುವಾಯಿತು. ಬೆರಳುಗಳು ಏನು ಮಾತಾಡಿದವೋ, ಅಪ್ಪ ಮಾತ್ರ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕ. ಚಿತ್ರದುರ್ಗಕ್ಕೆ ಹೋಗಿ ಮಾರಿ ಬಾ ಎಂದು ನೋಟನ್ನು ಮಾವನ ಕೈಗೇ ಕೊಟ್ಟುಬಿಟ್ಟ.

ಮುಂದಿನ ಸಂತೆಯಲ್ಲಿ ಮಾವ ಅಪ್ಪನ ಪಾಲನ್ನು ಮಡಚಿ ಕೊಟ್ಟರು. ಅಪ್ಪ ಅದನ್ನು ಹಾಗೇ ಚೀಲಕ್ಕೆ ಹಾಕಿಕೊಂಡ. "ಈಗಲಾದ್ರೂ ಎಣಿಸಪ್ಪ" ಅಂತ ಹೇಳಲು ಬಾಯಿ ತೆರೆದವಳು, ಅಪ್ಪನ ಮುಖ ನೋಡಿ ಸುಮ್ಮನಾದೆ. ಅಪ್ಪ ಎಣಿಸಲಿಲ್ಲ. ನನಗೆ ಪೂರಾ ಸಮಾಧಾನವಾದದ್ದು ಆಗಲೇ.