ಸಿಗದಿದ್ದರೆ ಮತ್ತೆ ನೋಡು

ಫಲಿತಾಂಶದ ದಿನ ಬೆಳಿಗ್ಗೆ ನಮ್ಮ ಆಫೀಸಿನ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಕುಮಟಾದ ಒಂದು ಬಟ್ಟೆಯಂಗಡಿಯ ಮಹಡಿ ಮೇಲಿನ ಸಣ್ಣ ಕಂಪ್ಯೂಟರ್ ಆಫೀಸು ಅದು. ಒಂದು ಕಾಲೇಜಿನ ಫಲಿತಾಂಶದ ವೆಬ್‌ಸೈಟನ್ನು ನಾವೇ ಮಾಡಿದ್ದೆವು. "ನಂಬರ್ ಸಿಗಲಿಲ್ಲ ಅಂತ ಬತ್ತದೆ, ಹಂಗಾರೆ ಫೇಲಾ?" ಎಂದು ಒಬ್ಬರಾದ ಮೇಲೊಬ್ಬರು ಕೇಳುತ್ತಿದ್ದರು.

ಇದನ್ನು ನಾನು ಮೊದಲೇ ಬಡಕೊಂಡಿದ್ದೆ. ಸಾವಿರ ಮಂದಿ ಒಟ್ಟಿಗೆ ನುಗ್ಗಿದರೆ ಸೈಟು ತಡೆದುಕೊಂಡೀತೇ ಎಂದು ನೋಡಲು ಒಂದು ಸಾಫ್ಟ್‌ವೇರ್ ಇತ್ತು. ಅದು ಸುಳ್ಳು ವಿದ್ಯಾರ್ಥಿಗಳನ್ನು ಹುಟ್ಟಿಸಿ ಕಳಿಸುತ್ತಿತ್ತು. ಅವರು ಮಾಡಬೇಕಾದ್ದನ್ನು ಸಾಲಾಗಿ ಜೋಡಿಸುವುದು ನನ್ನ ಕೆಲಸ: ಪುಟ ತೆರೆ, ನಂಬರ್ ಹಾಕು, ಅಂಕ ನೋಡು. ಮಂದಿ ಹೆಚ್ಚಾದಂತೆ ಸರ್ವರ್ ಸುಸ್ತಾಗಿ, ಇರುವ ನಂಬರನ್ನೂ 'ಸಿಗಲಿಲ್ಲ' ಎನ್ನತೊಡಗಿತು. ಆಗ ನಮ್ಮ ಯಜಮಾನರು ಆ ಸುಳ್ಳು ವಿದ್ಯಾರ್ಥಿಗಳ ಸಾಲಿನ ನಡುವೆ ಒಂದು ಹೆಜ್ಜೆ ಸೇರಿಸಲು ಹೇಳಿದರು: ಸಿಗದಿದ್ದರೆ ಮತ್ತೆ ನೋಡು, ಸಿಗುವ ತನಕ ಸುತ್ತು ಹೊಡಿ. ಸೇರಿಸಿದ್ದೇ ತಡ, ಪರದೆಯೆಲ್ಲ ಪಾಸಿನ ಹಸಿರು; ಸರ್ವರ್ ಮಾತ್ರ ಮೊದಲಿನ ಹಾಗೇ.

"ಸರ್, ನಮ್ ಬದಿಗೆ ನಂಬರ್ ಇಲ್ಲ ಅಂದ್ರೆ ಫೇಲು ಅಂತ್ಲೇ ಲೆಕ್ಕ. ನೋಟಿಸ್ ಬೋರ್ಡಿನ ಕಾಲದಿಂದ ಹಂಗೇ. ಯಾರೂ ಎರಡನೇ ಸಲ ನೋಡೂದಿಲ್ಲ" ಎಂದಿದ್ದೆ.

"ಎಂತದೂ ಆಗೂದಿಲ್ಲ ಮಾರಾಯ್ತಿ. ಟೆಸ್ಟ್ ಪಾಸಾತಲ್ಲ, ಬಿಡು" ಎಂದಿದ್ದರು. ಅವರ ಪಾಸಿಗಿಷ್ಟು ಬೆಂಕಿ ಹಾಕ.

ಅದೇ ಕಾಲೇಜಿನಲ್ಲಿ ನನ್ನ ತಂಗಿ ಓದುತ್ತಿದ್ದಳು. ಹಿಂದಿನ ವರ್ಷ ಫೇಲಾಗಿ ಮತ್ತೆ ಕಟ್ಟಿದ್ದಳು. "ಈ ಸಲನೂ ಹೋದ್ರೆ ಸಮುದ್ರ ಇದ್ದೇ ಅದೆ" ಎಂದು ನಗೆಯಾಡಿದ್ದಳು. ಅದು ನೆನಪಾಗಿ ನನ್ನ ಜೀವ ಬಾಯಿಗೆ ಬಂತು. ಆಫೀಸಿನ ಕಂಪ್ಯೂಟರಿನಲ್ಲಿದ್ದ ಫಲಿತಾಂಶದ ಪಟ್ಟಿಯಲ್ಲೇ ಅವಳ ನಂಬರ್ ತೆಗೆದು ನೋಡಿದೆ. ಪಾಸಾಗಿದ್ದಳು! ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ; ನಮ್ಮೂರು ಕಾಯ್ಕಿಣಿಯಲ್ಲಿ ಪಕ್ಕದ ಮನೆಗೆ ಫೋನು ಮಾಡಿದೆ.

"ನಿನ್ ತಂಗಿ ರಿಸಲ್ಟ್ ನೋಡೂಕೆ ಸೈಬರ್ ಕೆಫೆಗೆ ಹೋಗಿ ಅತ್ಕಂಡೇ ಬಂತು. ಆಮೇಲೆ ಎಲ್ ಹೋಯ್ತೋ ಎಂತೋ, ನಿಮ್ಮಮ್ಮ ಹುಡುಕ್ತಾ ಅದೆ" ಎಂದರು ಆ ಮನೆಯ ದೊಡ್ಡಮ್ಮ.

ಯಾರಿಗೂ ಹೇಳದೆ ಓಡಿ ಭಟ್ಕಳದ ಬಸ್ಸು ಹತ್ತಿದೆ. ಹೊನ್ನಾವರದಲ್ಲಿ ಡ್ರೈವರ್ ಚಾ ಕುಡಿಯಲು ಇಳಿದ. "ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೆ, ಬಸ್ ಬಿಡಿ" ಎಂದು ಕಿಟಕಿಯಿಂದಲೇ ಕೂಗಿದೆ. ಎಲ್ಲರೂ ತಿರುಗಿ ನೋಡಿದರು. ನೋಡಲಿ, ನನಗೇನು! ಮುಂದಿನ ಸೀಟಿನ ಕಂಬಿ ಹಿಡಿದು ದೇವರೇ ದೇವರೇ ಎನ್ನುತ್ತಿದ್ದೆ.

ಬಸ್ಸಿಳಿದವಳು ಮನೆಗೆ ಹೋಗಲಿಲ್ಲ, ಸೀದಾ ಮಾವಳ್ಳಿಯ ಕಡಲಿಗೆ ಓಡಿದೆ. ದಂಡೆಗೆ ಎಳೆದಿಟ್ಟ ದೋಣಿಯ ಮರೆಯಲ್ಲಿ ಕೂತಿದ್ದಳು. ಚೂಡಿದಾರ ಸೊಂಟದ ತನಕ ಒದ್ದೆಯಾಗಿತ್ತು.

"ನೀ ಪಾಸಾಗಿದ್ದೆ ತಂಗೀ, ಪಾಸಾಗಿದ್ದೆ!" ಎಂದು ಹಿಡಿದು ಅಲುಗಿಸಿದೆ. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡು ತಲೆಯಾಡಿಸಿದಳು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಇನ್ನೊಂದ್ ಸಲ ನೋಡೂಕೆ ಎಂತ ಆಗಿತ್ತು ನಿಂಗೆ?"

ಅವಳ ಹಲ್ಲು ಇನ್ನೂ ಕಟಕಟ ಎನ್ನುತ್ತಿತ್ತು. "ಇಲ್ಲ ಅಂದ್ಮೇಲೆ ಎಷ್ಟ್ ಸಲ ನೋಡೂದು ಅಕ್ಕಾ?"