ಸೂಲಗಿತ್ತಿ ಆಯಿ ಮುಚ್ಚಿಟ್ಟದ್ದು

ಮೊನ್ನೆ ಗಾಣದಿಂದ ತರಿಸಿದ ಕುಸುಬಿ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕರಜಗಿಯ ತವರುಮನೆಯ ಬಾಣಂತಿ ಕೋಣೆ ಕಣ್ಣ ಮುಂದೆ ಬಂತು. ಅದರೊಳಗೆ ಕಾಲು ಚಾಚಿ ಕೂತು, ಕೂಸಿಗೆ ಎಣ್ಣೆ ತಿಕ್ಕುತ್ತಿದ್ದ ಸೂಲಗಿತ್ತಿ ಆಯಿ…

ಆಕೆ ಪಕ್ಕದ ಓಣಿಯವಳು. ಹೆಸರು ಹಿಡಿದು ಯಾರೂ ಕರೆದದ್ದು ನನಗೆ ನೆನಪಿಲ್ಲ, ಊರಿಗೆಲ್ಲ ಆಯಿ. ನಮ್ಮ ಅವ್ವನದು ತವರೂ ಕೊಟ್ಟ ಮನೆಯೂ ಒಂದೇ ಊರು. ಹೀಗಾಗಿ ನಾನು, ನನ್ನ ತಮ್ಮ ಇಬ್ಬರೂ ಆಯಿಯ ಕೈಮೇಲೆಯೇ ಹುಟ್ಟಿದವರು. ಎಂಬತ್ತರ ದಶಕದಲ್ಲಿ ನಾನು ಚೊಚ್ಚಲ ಹೆರಿಗೆಗೆ ಬಂದಾಗಲೂ ಆಕೆಯೇ ಬಂದಳು. ಕೂಸಿನ ಕೊರಳಿಗೆ ಹೊಕ್ಕಳಬಳ್ಳಿ ಎರಡು ಸುತ್ತು ಸುತ್ತಿಕೊಂಡಿತ್ತು. ಆಯಿ ಬೆರಳು ತೂರಿಸಿ ಬಿಡಿಸಿದಳು, ಬೆನ್ನು ತಟ್ಟಿದಳು, ಕೂಸು ಅತ್ತಿತು. ಆದರೆ ಬಿಸಿನೀರು ಹಿಡಿದು ನಿಂತಿದ್ದ ಅವ್ವ ಬಳ್ಳಿಯನ್ನು ನೋಡಿಬಿಟ್ಟಿದ್ದಳು.

"ಮಾಲಿ ಹಾಕ್ಕೊಂಡು ಬಂದದ… ಸ್ವಾದರಮಾವಗ ಕಂಟಕ," ಎಂದು ಬಿಸಿನೀರನ್ನು ಅಲ್ಲೇ ಇಟ್ಟು ಹಿಂದೆ ಸರಿದಳು.

ಹಾಗೆ ಹುಟ್ಟಿದ ಕೂಸನ್ನು ಸೋದರಮಾವ ನೇರವಾಗಿ ನೋಡಬಾರದು, ಮೊದಲು ಎಣ್ಣೆಯಲ್ಲಿ ಬಿದ್ದ ಅದರ ಪ್ರತಿಬಿಂಬವನ್ನು ನೋಡಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಅಪ್ಪ ತೀರಿಹೋಗಿದ್ದ ಮನೆಗೆ ನನ್ನ ತಮ್ಮನೊಬ್ಬನೇ ಆಸರೆ. ನೆಲೋಗಿಯ ಶಾಲೆಯಲ್ಲಿ ಆಗಷ್ಟೇ ಮಾಸ್ತರನಾಗಿದ್ದ. ಹನ್ನೆರಡನೆಯ ದಿನ ಶಾಸ್ತ್ರ ಮಾಡುವವರೆಗೆ ಬರಬೇಡವೆಂದು ಅವ್ವ ಹೇಳಿಕಳಿಸಿದಳು. ಆ ಮಾತು ಮುಟ್ಟುವ ಮೊದಲೇ ಅವನು ಬಸ್ಸು ಹತ್ತಿದ್ದ. ಚೀಲವನ್ನು ಹೊಸ್ತಿಲಲ್ಲಿ ಇಟ್ಟವನೇ ಒಳಗೆ ಬಂದು ಕೂಸನ್ನು ಎತ್ತಿಕೊಂಡು, "ಅಕ್ಕಾ, ಮೂಗು ನಂದೇ ಅದ ನೋಡು!" ಎಂದು ನಕ್ಕ.

ನೆಲೋಗಿಗೆ ಮರಳಿದವನು ಒಂದೇ ವಾರದಲ್ಲಿ ಜ್ವರ ಹಿಡಿದು ಮನೆಗೆ ಬಂದ. ಡಾಕ್ಟರು ಟೈಫಾಯಿಡ್ ಎಂದರು. ಅವ್ವ ಕೂಸನ್ನು ಮುಟ್ಟುವುದನ್ನೇ ಬಿಟ್ಟಳು. ಅದಕ್ಕಿಂತ ಕೆಟ್ಟದ್ದು… ನಾನೂ ಹೆದರಿದೆ. ಹಾಲು ಕುಡಿಸುವಾಗ ಕೂಸಿನ ಮುಖದ ಮೇಲೆ ಸೆರಗು ಎಳೆದುಬಿಡುತ್ತಿದ್ದೆ. ಇದನ್ನು ಮಗಳಿಗೆ ಇಂದಿಗೂ ಹೇಳಿಲ್ಲ.

ದಿನಾ ಎರೆಯಲು ಬರುತ್ತಿದ್ದ ಆಯಿ ಇದನ್ನು ಎರಡು ದಿನ ನೋಡಿದಳು. ಮೂರನೆಯ ದಿನ ಅವ್ವನನ್ನೂ ಒಳಗೆ ಕರೆದು ಬಾಗಿಲು ಹಾಕಿದಳು.

"ಹೊರಗ ಯಾರು ಕುಂತಾರ ಬೇ?"

"ನಮ್ಮಣ್ಣ. ಹುಡುಗನ್ನ ನೋಡಾಕ ಬಂದಾನ," ಎಂದಳು ಅವ್ವ.

"ಏನು ಮಾಡಾಕತ್ತಾನ?"

"ರೊಟ್ಟಿ ಉಣ್ಣಾಕತ್ತಾನ. ಯಾಕ ಆಯಿ?"

"ನಿನ್ನ ಮಗನೂ ಹಿಂಗೇ ಬಂದಿದ್ದ. ಮೂರು ಸುತ್ತು! ನಿನಗ ಎಚ್ಚರ ಇರ್ಲಿಲ್ಲ, ನಾ ಒಬ್ಬಾಕೀನೇ ಇದ್ದೆ. ಬಿಡಿಸಿ ಒಗದೆ, ಯಾರ ಮುಂದೂ ಹೇಳ್ಲಿಲ್ಲ. ನಿಮ್ಮಣ್ಣ ಅವತ್ತೇ ಬಂದು ಅವನ್ನ ಎತ್ತಿ ಮುದ್ದಾಡಿದ. ಇಪ್ಪತ್ತೆರಡು ವರ್ಷ ಆತು, ಇನ್ನೂ ರೊಟ್ಟಿ ಉಣ್ಣಾಕತ್ತಾನ."

ಆಯಿ ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕತೊಡಗಿದಳು.

"ನಾಕೈದು ಕೂಸಿನಾಗ ಒಂದು ಹಂಗ ಬರ್ತದ. ಅದು ಖರೇನೇ ಆಗಿದ್ರ ಈ ಊರಾಗ ಒಬ್ಬ ಸ್ವಾದರಮಾವನೂ ಉಳೀತಿದ್ದಿಲ್ಲ. ಹುಡುಗಗ ಜ್ವರ ಅದ, ಗುಳಿಗಿ ಕೊಡ್ರಿ. ಕೂಸಿಗ್ಯಾಕ ಮಾರಿ ತಿರುವ್ತೀರಿ?"

ಅವ್ವ ಮೊದಲು ನಕ್ಕಳೋ, ಅತ್ತಳೋ… ಎರಡೂ ಒಟ್ಟಿಗೆ ಬಂದಿರಬೇಕು. ಆಯಿಯ ಕಾಲಮೇಲೆ ಎಣ್ಣೆಯಲ್ಲಿ ಮಿಂದು ಮಲಗಿದ್ದ ಕೂಸನ್ನು ಹಾಗೇ ಎತ್ತಿ ಎದೆಗೊತ್ತಿಕೊಂಡಳು. ಸೀರೆಯೆಲ್ಲ ಎಣ್ಣೆಯಾಯಿತು. ನಾನು ಅವತ್ತು ಮಗಳ ಮುಖವನ್ನು ಕಣ್ತುಂಬ ನೋಡಿದೆ. ಎದೆಯ ಮೇಲಿಂದ ಯಾರೋ ಬೀಸುಕಲ್ಲು ಇಳಿಸಿದಂತೆ ಹಗುರಾಗಿತ್ತು. ಕೆಲವೇ ದಿನಗಳಲ್ಲಿ ತಮ್ಮನ ಜ್ವರ ಇಳಿಯಿತು. ಅವನ ಜ್ವರದಿಂದಾಗಿ ಮುಂದೂಡಿದ್ದ ತೊಟ್ಟಿಲ ಶಾಸ್ತ್ರದ ದಿನ, ಸೊರಗಿದ ಮೈಯಲ್ಲೇ ಬಂದು ಹಗ್ಗ ಹಿಡಿದು ತೂಗಿದವನು ಅವನೇ.

ಆಯಿ ಹೋಗಿ ಬಹಳ ವರ್ಷಗಳಾದವು. ಗುಲಬರ್ಗಾದಲ್ಲಿದ್ದ ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆಕೆಯದೊಂದು ಫೋಟೊ ಕೂಡ ಯಾರ ಬಳಿಯೂ ಇಲ್ಲ. ತಮ್ಮ ನಿವೃತ್ತನಾಗಿದ್ದಾನೆ, ಫೋನಿನಲ್ಲಿ ನನಗಿಂತ ಹೆಚ್ಚು ನನ್ನ ಮಗಳ ಜೊತೆಗೇ ಮಾತನಾಡುತ್ತಾನೆ. ನಾನು ಹುಟ್ಟಿದ ದಿನವೂ ಆಯಿ ಇದ್ದಳಲ್ಲ, ನಾನು ಹೇಗೆ ಬಂದೆ ಎಂದು ಒಮ್ಮೆಯೂ ಕೇಳಲಿಲ್ಲ… ಇನ್ನು ಕೇಳೋಣವೆಂದರೆ ಆಕೆಯಿಲ್ಲ.