ಎಂಟನೆಯ ಕುರ್ಚಿಯ ವಿಲ್ಬರ್

ಲೋರನ್ ಹೋಸ್ಟೆಟ್ಲರ್‌ನ ಎರಡೂ ಪಾದ ತೊಳೆದು, ಬೆರಳ ಸಂದಿಯನ್ನೂ ಬಿಡದೆ ಒರೆಸಿ, ಇನ್ನೇನು ಏಳಬೇಕು ಎನ್ನುವಾಗ ವಿಲ್ಬರ್ ನಾಫ್‌ಜಿಗರ್‌ನ ಬಲ ಮಂಡಿ ಹಿಡಿದುಕೊಂಡಿತು. ಅತ್ತ ವಾಲಿದ, ಇತ್ತ ವಾಲಿದ, ಏಳಲಾಗಲಿಲ್ಲ. ಆಸರೆಗೆ ಸಿಕ್ಕಿದ್ದು ಲೋರನ್‌ನ ಕಾಲೇ. ಯಾರ ಹೆಸರನ್ನು ಸಭೆಯ ಪಟ್ಟಿಯಿಂದ ತೆಗೆಯಬೇಕೆಂದು ಎರಡು ವರ್ಷದಿಂದ ವಾದಿಸುತ್ತಿದ್ದನೋ, ಅವನ ಕಾಲನ್ನೇ ಇಪ್ಪತ್ತು ಗಂಡಸರ ಎದುರು ಹಿಡಿಯಬೇಕಾಯಿತು.

ಅಮೆರಿಕದ ಒಹಾಯೋದಲ್ಲಿ ಮೆನೊನೈಟ್ ಎಂಬ ಕ್ರೈಸ್ತ ಪಂಥದ ನಮ್ಮ ಸಭೆಯಲ್ಲಿ ವರ್ಷಕ್ಕೆರಡು ಸಲ, ಪ್ರಭುಭೋಜನ ಮುಗಿದ ಮೇಲೆ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯುತ್ತೇವೆ. ಗಂಡಸರು ನೆಲಮಾಳಿಗೆಯಲ್ಲಿ, ಹೆಂಗಸರು ಮೇಲೆ. ಜೊತೆಗಾರನನ್ನು ಆರಿಸಿಕೊಳ್ಳುವ ಹಾಗಿಲ್ಲ. ಬಾಗಿಲಿನಿಂದ ಸಾಲಾಗಿ ಇಬ್ಬಿಬ್ಬರು. ನೀರು ಕಾಯಿಸುವುದು ಲೋರನ್‌ನ ಕೆಲಸ. ಕಸುಬಿನಲ್ಲಿ ಪ್ಲಂಬರ್. ಹಸುಗೂಸಿನ ಸ್ನಾನಕ್ಕೆ ನೋಡುವ ಹಾಗೆ ಪ್ರತಿ ಬೋಗುಣಿಗೂ ಮೊಣಕೈ ಅದ್ದಿ ಹದ ನೋಡಿಯೇ ಇಡುವವನು. ಅವನು ಕರ್ಟಿಸ್ ಎಂಬ ಗಂಡಸನ್ನು ಮದುವೆಯಾದ ದಿನದಿಂದ ನಮ್ಮ ಸಭೆಯೊಳಗೂ ನೀರು ಕುದಿಯತೊಡಗಿತ್ತು.

ವಿಲ್ಬರ್ ನಲವತ್ತು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು, ಲೆಕ್ಕದಲ್ಲಿ ತೊಟ್ಟು ಚೆಲ್ಲದವನು. ಆ ಭಾನುವಾರ ಎಣಿಸಿಯೇ ಎಂಟನೆಯ ಕುರ್ಚಿಯಲ್ಲಿ ಕೂತಿದ್ದ. ಒಂಬತ್ತರಲ್ಲಿ ಲೋರನ್. ಪಕ್ಕದಲ್ಲೇ ಕೂತರೆ ದೂರವಿಟ್ಟನೆಂದು ಯಾರೂ ಹೇಳುವಂತಿಲ್ಲ. ಏಳಕ್ಕೆ ಎಂಟು ಜೊತೆಯಾದ್ದರಿಂದ ತೊಳೆಯುವ ಪ್ರಮೇಯವೂ ಇಲ್ಲ. ಆದರೆ ಮೊದಲ ಕುರ್ಚಿಯ ಮುದುಕ ಎಜ್ರಾನಿಗೆ ಅದೇ ಹೊತ್ತಿಗೆ ಪಾಯಿಖಾನೆಗೆ ಅವಸರವಾಗಬೇಕೆ! ಸಾಲು ಒಂದು ಸ್ಥಾನ ಸರಿಯಿತು. ಎಂಟಕ್ಕೆ ಒಂಬತ್ತು ಗಂಟುಬಿತ್ತು.

"ಮೇಷ್ಟ್ರೇ, ಪ್ರಾರ್ಥನೆ ಜಾಸ್ತಿಯಾಯ್ತು, ಏಳಿ," ಎಂದ ಲೋರನ್ ಮೆಲ್ಲಗೆ. ಅವನಿಗೆ ಸಂಡೇಸ್ಕೂಲಿನಲ್ಲಿ ಪಾಠ ಹೇಳಿದವನು ವಿಲ್ಬರನೇ.

"ಪ್ರಾರ್ಥನೆ ಅಲ್ವೋ, ಮಂಡಿ!"

"ಎತ್ತಲಾ?"

"ಮುಟ್ಟಬೇಡ. ಜೀವ ಹೋಗುತ್ತೆ."

"ಹಂಗಾದ್ರೆ ನನ್ನ ಕಾಲಾದ್ರೂ ಬಿಡಿ, ಜೋಮು ಹಿಡೀತಿದೆ."

ಲೋರನ್ ತಾನೇ ನೆಲಕ್ಕಿಳಿದ. ಟವೆಲನ್ನು ಬಿಸಿನೀರಿನಲ್ಲಿ ಹಿಂಡಿ ಆ ಮಂಡಿಗೆ ಸುತ್ತಿ, ವಿಲ್ಬರ್ ನೆಲದಲ್ಲೇ ಕಾಲು ಚಾಚಿ ಕೂರುವಷ್ಟು ಸಡಿಲಿಸಿದ. ಹೇಗೂ ತಾನು ಕೆಳಗಿಳಿದದ್ದಾಯಿತಲ್ಲ ಎಂದು ವಿಲ್ಬರ್‌ನ ಬೂಟು, ಕಾಲ್ಚೀಲ ಕಳಚಿ ಬೋಗುಣಿ ಹತ್ತಿರಕ್ಕೆಳೆದ.

"ನೋಡು, ಮುಂದಿನ ವಾರ ಮತಕ್ಕೆ ಹಾಕಿದಾಗ ನಿನ್ನ ವಿರುದ್ಧವೇ ನಾನು ಕೈ ಎತ್ತೋದು," ಎಂದ ವಿಲ್ಬರ್.

"ಗೊತ್ತು ಮೇಷ್ಟ್ರೇ. ಈಗ ಕಾಲೆತ್ತಿ."

ತೊಳೆದಾದ ಮೇಲೆ ಇಬ್ಬರೂ ಎದ್ದು ಅಪ್ಪಿಕೊಳ್ಳುವುದು ನಮ್ಮ ಪದ್ಧತಿ. ಅಪ್ಪಿಕೊಳ್ಳದೆ ವಿಲ್ಬರ್ ಏಳುವಂತೆಯೇ ಇರಲಿಲ್ಲವಾದ್ದರಿಂದ ಪದ್ಧತಿಗೇನೂ ಲೋಪವಾಗಲಿಲ್ಲ.

ಮುಂದಿನ ಭಾನುವಾರ ಹೇಳಿದಂತೆಯೇ ವಿರುದ್ಧ ಕೈ ಎತ್ತಿದ. ಒಂದೇ ಮತದವರ ಮತ ಎರಡಾಯಿತು: ಲೋರನ್ ಇರಲಿ ಎಂದವರು ಅರವತ್ತೊಂದು, ಬೇಡವೆಂದವರು ಮೂವತ್ತೆಂಟು. ಹೀಗಾದರೆ ನಾಲ್ಕುರಸ್ತೆಯ ಇಟ್ಟಿಗೆ ಚರ್ಚಿಗೆ ಹೋಗುತ್ತೇನೆಂದು ವಿಲ್ಬರ್ ಮೊದಲೇ ಸಾರಿದ್ದ. ಒಂಬತ್ತು ಮನೆಯವರು ಅವನ ಮುಖ ನೋಡಿಕೊಂಡಿದ್ದರು. ಅವರೂ ಹೊರಟರೆ ನಮ್ಮಲ್ಲಿ ಅರ್ಧ ಬೆಂಚುಗಳು ಖಾಲಿ. ವಾದ್ಯವಿಲ್ಲದೆ, ಮೇಲಿನಿಂದ ಕೆಳಗಿನವರೆಗೆ ನಾಲ್ಕು ಸ್ವರಗಳ ಗುಂಪಾಗಿ ಹಾಡುವ ಸಭೆ ನಮ್ಮದು. ಕೆಳಸ್ವರ ಹಿಡಿಯುವ ದಪ್ಪ ಗಂಟಲಿನ ಗಂಡಸರೆಲ್ಲ ಆ ಒಂಬತ್ತು ಮನೆಯವರೇ.

"ನೀನು ಹೋಗು," ಎಂದಳು ಹೆಂಡತಿ ಫರ್ನ್, ಕಾರಿನ ಹತ್ತಿರ, ನಮಗೆಲ್ಲ ಕೇಳುವ ಹಾಗೆ. "ನಾನು ಇಲ್ಲೇ ಕೂತು ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ. ಊಟದ ಹೊತ್ತಿಗೆ ಮನೆಗೆ ಬಾ."

ಮರು ಭಾನುವಾರ ವಿಲ್ಬರ್ ಹೋದ, ಒಬ್ಬನೇ. ಅವನ ವರದಿ ಬರಲಿ ಎಂದು ಒಂಬತ್ತು ಮನೆಯವರು ಕಾದರು. ಅದರ ಮುಂದಿನ ಭಾನುವಾರ ಮೊದಲ ಹಾಡಿಗೆ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ವಿಲ್ಬರ್ ಕುಂಟುತ್ತ ಬಂದು ಫರ್ನ್ ಪಕ್ಕದ ತನ್ನ ಜಾಗದಲ್ಲಿ ಕೂತ. ಮುಂದಿನ ಬೆಂಚಿನಿಂದ ಕರ್ಟಿಸ್ ತಿರುಗಿ ಹಾಡಿನ ಪುಸ್ತಕ ಚಾಚಿದ. ವಿಲ್ಬರ್ ಒಂದು ಕ್ಷಣ ಅದನ್ನೇ ನೋಡಿದ, ತೆಗೆದುಕೊಂಡ. ನಮ್ಮ ಕೆಳಸ್ವರ ಅಂದು ಕಿಟಕಿ ನಡುಗಿಸಿತು.

ಹಾಗೆಂದು ಅವನ ಅಭಿಪ್ರಾಯ ಕೂದಲೆಳೆಯಷ್ಟೂ ಕದಲಿಲ್ಲ. "ಆ ಮದುವೆಗೆ ನನ್ನ ಒಪ್ಪಿಗೆಯಿಲ್ಲ, ಬರೆದುಕೊಳ್ಳಿ," ಎಂದು ಪ್ರತಿ ಸಭೆಯಲ್ಲೂ ಹೇಳುತ್ತಾನೆ. ಕಾರ್ಯದರ್ಶಿ ಬರೆದುಕೊಳ್ಳುತ್ತಾಳೆ. ಆಮೇಲೆ ಅವನ ಮನೆಯ ನಲ್ಲಿ ಸೋರಿದರೆ ಲೋರನ್‌ಗೇ ಫೋನು.

ವಸಂತದಲ್ಲಿ ಮೇಲಿನ ಮಂಡಳಿಯ ಹಿರಿಯ ಪಾದ್ರಿಯೊಬ್ಬರು ಬಂದರು. ಸುತ್ತಲಿನ ಮೂರು ಸಭೆಗಳು ಇದೇ ವಿಷಯಕ್ಕೆ ಒಡೆದಿರುವಾಗ ನಮ್ಮದು ಹೇಗೆ ಉಳಿಯಿತೆಂದು ತಿಳಿಯುವ ಆಸೆ ಅವರಿಗೆ. ಸಹಭೋಜನದಲ್ಲಿ ವಿಲ್ಬರ್‌ನ ಎದುರಿಗೇ ಕೂತು, ನೋಟ್‌ಬುಕ್ ಬಿಚ್ಚಿ ಕೇಳಿದರು:

"ಸಹೋದರ ವಿಲ್ಬರ್, ಮನಸ್ಸು ಬದಲಾಯಿಸಿಕೊಳ್ಳಲಿಲ್ಲ, ಆದರೂ ವಾಪಸ್ ಬಂದಿರಿ. ನಿಮ್ಮನ್ನು ಕರೆತಂದ ಬೈಬಲ್ ವಾಕ್ಯ ಯಾವುದು?"

ವಿಲ್ಬರ್ ಬಾಯಲ್ಲಿದ್ದ ರೂಬಾರ್ಬ್ ದಂಟಿನ ಸಿಹಿ ಪೈಯನ್ನು ಸಾವಕಾಶವಾಗಿ ಅಗಿದು ನುಂಗಿದ.

"ಅವತ್ತು ಇಟ್ಟಿಗೆ ಚರ್ಚಲ್ಲೂ ಕಾಲು ತೊಳೆಯೋದಿತ್ತು," ಎಂದ. "ನೀರು ತಣ್ಣಗಿತ್ತು."